ಕಲ್ಲಿನಲ್ಲಿ ಉಳಿಯದವನು

ದಾನಮ್ಮನನ್ನು ಯಾರೂ ಒಂದು ಮಾತು ಅನ್ನಲಿಲ್ಲ. ಅವಳಿಗೆ ತಡೆಯಲಾಗದೆ ಹೋದದ್ದು ಅದೇ.

ಮೇಲಿನಹಟ್ಟಿಯಲ್ಲಿ ಹನ್ನೊಂದು ಮಂದಿ ಉಸಿರುಗಟ್ಟಿ ಸತ್ತ ಮೇಲೆ ವಿಚಾರಣೆ ನಡೆಯಿತು. ಕವಾಟ ಮಾಡಿದವರನ್ನು ಕೇಳಿದರು, ಕೊಳವೆ ಜೋಡಿಸಿದವರನ್ನು ಕೇಳಿದರು, ಆ ಹೊತ್ತು ನಿಯಂತ್ರಣ ಕೋಣೆಯಲ್ಲಿ ಇದ್ದವರನ್ನೆಲ್ಲ ಕೇಳಿದರು. ದಾನಮ್ಮನನ್ನೂ ಕರೆದರು. ಕರೆದು ಕೂರಿಸಿ, ಚಹಾ ಕೊಟ್ಟು, ‘ಡಂಗುರದ ಯಂತ್ರ ಸರಿಯಾಗಿ ಕೆಲಸ ಮಾಡಿತೆ?’ ಎಂದಷ್ಟೇ ಕೇಳಿದರು. ಮಾಡಿತು ಎಂದಳು. ನಿಜವಾಗಿಯೂ ಮಾಡಿತ್ತು. ಕೊನೆಗೆ ತೀರ್ಪು ಓದುವಾಗ ಅವಳ ಹೆಸರು ಹಿಡಿದು ಎರಡು ಮೆಚ್ಚುಗೆಯ ಮಾತನ್ನೂ ಆಡಿದರು. ಅಂಥ ಸಂಕಟದಲ್ಲೂ ಜನ ಎದ್ದು ಓಡಲಿಲ್ಲ, ಒಬ್ಬರನ್ನೊಬ್ಬರು ತುಳಿಯಲಿಲ್ಲ, ಹೇಳಿದಲ್ಲೇ ಕುಳಿತಿದ್ದರು ಎಂದರು.

ಹೇಳಿದಲ್ಲೇ ಕುಳಿತಿದ್ದರು. ಈ ಮಾತು ದೇವರ ಮುಂದೆ ಕಣ್ಣು ಮುಚ್ಚಿದಾಗಲೂ ಅವಳ ಕಿವಿ ಬಿಡಲಿಲ್ಲ.

ಮಂಗಳಕ್ಕೂ ಗುರುವಿಗೂ ನಡುವೆ ತಿರುಗುವ ಬಂಡೆಗಳಲ್ಲಿ ಒಂದನ್ನು ಕೊರೆದು ಕಟ್ಟಿದ ಊರು ನಡುನೆಲೆ. ಆಳುವ ಸಭೆ ಇರುವುದು ಅಲ್ಲಿ. ಆಳಿಸಿಕೊಳ್ಳುವ ಪಾಳ್ಯಗಳು ಮಾತ್ರ ದೂರ ದೂರ ಚೆಲ್ಲಿಕೊಂಡಿದ್ದವು. ಅವುಗಳಲ್ಲಿ ಎಲ್ಲಕ್ಕಿಂತ ದೂರದ್ದು ಶನಿಯ ಒಂದು ಪುಟ್ಟ ಚಂದ್ರನಲ್ಲಿದ್ದ ಮೇಲಿನಹಟ್ಟಿ. ರಾಯಚೂರು ಸೀಮೆಯ ಚಿನ್ನದ ಗಣಿಗಳಿಂದ ಹೊರಟು ಹೋದವರ ಮೊಮ್ಮಕ್ಕಳು ಅಲ್ಲಿ ಹಿಮ ಕಡಿಯುತ್ತಿದ್ದರು. ಬರಿಯ ನೀರಿನ ಹಿಮವಲ್ಲ, ಅಮೋನಿಯಾ ಬೆರೆತ ಹಿಮ. ಅದರೊಳಗಿನ ಸಾರಜನಕ ಬಂದರೆ ನಡುನೆಲೆಯ ತೋಟಗಳು ಹಸಿರು, ಇಲ್ಲದಿದ್ದರೆ ಇಲ್ಲ. ಅಲ್ಲಿಂದ ಹಡಗು ಬರಲು ಹತ್ತು ತಿಂಗಳು ಬೇಕು. ಮಾತು ಹೋಗಲು ಒಂದೂವರೆ ತಾಸು, ತಿರುಗಿ ಬರಲು ಇನ್ನೊಂದೂವರೆ.

ಸಭೆಗೆ ಹಿಂದೊಮ್ಮೆ ಒಂದು ಯೋಚನೆ ಹತ್ತಿತ್ತು. ಕುದುರೆಗಿಂತ ಜೋರಾಗಿ ಮಾತು ಓಡದಿದ್ದ ಕಾಲದಲ್ಲಿ ಪಾಟಲಿಪುತ್ರದಲ್ಲಿ ಕುಳಿತ ಅರಸ ತುಂಗಭದ್ರೆಯ ಆಚೆಯ ಊರನ್ನು ಹೇಗೆ ಹಿಡಿದಿಟ್ಟುಕೊಂಡ? ಅದನ್ನು ತಿಳಿದು ಹೇಳಿ ಎಂದು ಇತಿಹಾಸ ಓದಿದವರನ್ನು ಕೂರಿಸಿದರು. ಒಬ್ಬರು ರಸ್ತೆ ಎಂದರು, ಒಬ್ಬರು ನಾಣ್ಯ ಎಂದರು, ಸಾಮಂತರ ಮಕ್ಕಳನ್ನು ರಾಜಧಾನಿಯಲ್ಲಿ ಇಟ್ಟುಕೊಳ್ಳುತ್ತಿದ್ದರು ಎಂದು ಒಬ್ಬರು ನೆನಪಿಸಿದರು. ದಾನಮ್ಮ ಕಲ್ಲು ಎಂದಳು. ಅವಳು ಹುಟ್ಟಿದ್ದು ಭೂಮಿಯ ಮೇಲೆ, ಮೌರ್ಯರ ಕಲ್ಲುಬರಹವಿದ್ದ ಗುಡ್ಡಕ್ಕೆ ಆಡು ಹೊಡೆದುಕೊಂಡು ಹೋಗುವಷ್ಟು ಹತ್ತಿರದ ಊರಿನಲ್ಲಿ. ಊರೂರಿಗೆ ನಿಲ್ಲಿಸುವಷ್ಟು ಸೈನ್ಯ ಯಾವ ಅರಸನಲ್ಲೂ ಇರಲಿಲ್ಲ ಎಂದಳು. ಗೊತ್ತುಮಾಡಿದ ಹುಣ್ಣಿಮೆ, ಗೊತ್ತುಮಾಡಿದ ನಕ್ಷತ್ರದ ದಿನ, ಕಲ್ಲಿನ ಮೇಲೆ ಕೊರೆಸಿದ ಅದೇ ಮಾತನ್ನು ಜನ ಸೇರಿಸಿ ಗಟ್ಟಿಯಾಗಿ ಓದಿಸುತ್ತಿದ್ದರು. ಹಿಡಿದದ್ದು ಕತ್ತಿಯಲ್ಲ, ಕಿವಿ ಎಂದಳು. ಸಭೆ ತಲೆದೂಗಿತು.

ಹಾಗೆ ಹುಟ್ಟಿತು ಡಂಗುರ. ಪ್ರತಿ ಪಾಳ್ಯಕ್ಕೂ ಅದರದೇ ಆದ, ಅದು ನಂಬಿದ ಒಂದು ದನಿ. ನಡುನೆಲೆಯ ಅಪ್ಪಣೆಯನ್ನು ಆ ದನಿಯಲ್ಲಿ ನುಡಿಯುವ ಯಂತ್ರ. ಮೇಲಿನಹಟ್ಟಿಗೆ ಯಾರ ದನಿ ಎಂದು ಹುಡುಕಬೇಕಾಗಿರಲಿಲ್ಲ. ದಾನಮ್ಮನ ಮಾವ ಗುರುಶಾಂತಯ್ಯ ಅಲ್ಲಿ ಮೂವತ್ತು ಶ್ರಾವಣ ಪುರಾಣದ ಪದ್ಯ ಹಾಡಿ ತೀರಿಕೊಂಡಿದ್ದರು. ಅವರು ಹಾಡಿದ್ದೆಲ್ಲ ಧ್ವನಿಮುದ್ರಣವಾಗಿ ಉಳಿದಿತ್ತು. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಎಲ್ಲಿ ಎಳೆಯುತ್ತಾರೆ, ಕರುಣೆಯ ಮಾತಿಗೆ ಎಷ್ಟು ಇಳಿಯುತ್ತಾರೆ ಎಂಬುದನ್ನು ದಾನಮ್ಮನೇ ಕುಳಿತು ಯಂತ್ರಕ್ಕೆ ಕಲಿಸಿದಳು. ಇನ್ನೂ ಒಂದನ್ನು ಕಲಿಸಿದಳು. ಪಾಳ್ಯದ ಕಡೆಯ ಯಂತ್ರ ಕೇಳುವವರ ನಾಡಿಬಡಿತವನ್ನು ದೂರದಿಂದಲೇ ಅಳೆಯುತ್ತಿತ್ತು. ಜನ ಗಾಬರಿಯಾದರೆ ದನಿ ತಾನಾಗಿ ಮೆತ್ತಗಾಗುತ್ತಿತ್ತು, ನಿಧಾನವಾಗುತ್ತಿತ್ತು, ಅವರು ಕೂರುವ ತನಕ.

ಇದು ಯಂತ್ರ ಎಂದು ಪಾಳ್ಯದವರಿಗೆ ಗೊತ್ತಿತ್ತು. ಯಾರೂ ಮುಚ್ಚಿಟ್ಟಿರಲಿಲ್ಲ. ಆದರೂ ಅಯ್ಯ ಅಂದರು ಎಂದೇ ಹೇಳುತ್ತಿದ್ದರು. ಅಮೋನಿಯಾ ತೊಟ್ಟಿ ಸೋರಿದ ದಿನವೂ ಅಯ್ಯನ ದನಿಯೇ ‘ಪೂರ್ವದ ಓಣಿಯಲ್ಲಿ ಕುಳಿತಿರಿ, ಬಾಗಿಲು ತೆಗೆಯಬೇಡಿ’ ಎಂದಿತು. ನಡುನೆಲೆಗೆ ಗೊತ್ತಿದ್ದದ್ದು ಒಂದೂವರೆ ತಾಸಿನ ಹಿಂದಿನ ಸುದ್ದಿ. ಅಪ್ಪಣೆ ಅಲ್ಲಿಗೆ ಮುಟ್ಟುವ ಹೊತ್ತಿಗೆ ಮೂರು ತಾಸಿನ ಹಳೆಯದು. ಅಷ್ಟರಲ್ಲಿ ವಿಷಗಾಳಿ ಚರಂಡಿಯ ಕೊಳವೆ ಹಿಡಿದು ಪೂರ್ವದ ಓಣಿಗೇ ನುಗ್ಗಿತ್ತು. ಮೂಗು ಇದ್ದವರಿಗೆಲ್ಲ ವಾಸನೆ ಬಂತು. ಮೂರು ಸಲ ಜನ ಎದ್ದರು. ಮೂರು ಸಲವೂ ದನಿ ಇನ್ನಷ್ಟು ಮೆತ್ತಗಾಯಿತು. ಮೂರು ಸಲವೂ ಕುಳಿತರು.

ಸತ್ತ ಹನ್ನೊಂದು ಮಂದಿಯಲ್ಲಿ ಗುರುಶಾಂತಯ್ಯನವರ ಅಳಿಯ ಕಾಶಯ್ಯನೂ ಇದ್ದ.

* * *

ದಾನಮ್ಮನ ಗಂಡ ಮಲ್ಲಯ್ಯ ತೋಟದಲ್ಲಿ ಕೆಲಸಕ್ಕಿದ್ದ. ದೀಪದ ಬೆಳಕಿನಲ್ಲಿ ಬೆಳೆದ ಜೋಳವನ್ನು ಮನೆಗೆ ತಂದು ತಾನೇ ಬೀಸಿ ರೊಟ್ಟಿ ಮಾಡುತ್ತಿದ್ದ. ನಡುನೆಲೆಯಲ್ಲಿ ಎಲ್ಲಕ್ಕೂ ತೂಕ ಕಡಿಮೆ. ಜೋರಾಗಿ ಬಡಿದರೆ ರೊಟ್ಟಿ ಕೈಬಿಟ್ಟು ಎದ್ದು ಹೋಗುತ್ತದೆ.

“ನಮ್ಮವ್ವ ನೋಡಿದ್ರ ನಕ್ಕೋತ ಸಾಯ್ತಿದ್ಲು,” ಎಂದ ಅವನು, ಅಂಗೈಯಲ್ಲಿ ಹಿಟ್ಟನ್ನು ಒತ್ತುತ್ತ. “ರೊಟ್ಟಿ ಬಡಿಯಂದ್ರ ಕೂಸಿನ ಬೆನ್ನು ಸವರಿದಂಗ ಸವರತಿ ಅಂತಿದ್ಲು.”

ದಾನಮ್ಮ ನಗಲು ನೋಡಿದಳು. “ಶರಣಿ ಏನರ ಮಾತಾಡಿದ್ಲೇನ್ರಿ?”

“ಇಲ್ಲ.”

“ನೀವು ಕಳಿಸಿದ್ದಕ್ಕ?”

“ಕೇಳ್ಯಾಳೋ ಇಲ್ಲೋ. ಏನ್ ಮಾತಾಡ್ತಾಳ ಪಾಪ, ಗಂಡ ಹೋದ ಮನ್ಯಾಗ ಮಾತ ಎಲ್ಲಿಂದ ಬರಬೇಕು.” ಶರಣವ್ವ ಅವನ ಒಬ್ಬಳೇ ತಂಗಿ, ಕಾಶಯ್ಯನ ಹೆಂಡತಿ. ಅವನು ರೊಟ್ಟಿಯನ್ನು ತವೆಯ ಮೇಲೆ ಹಾಕಿ, ನೀರು ಸವರಿದ. “ಒಂದು ಸಮಾಧಾನ ನೋಡು, ದಾನಿ. ಕಾಶಯ್ಯ ಹೋಗೂ ಮುಂದ ಅಪ್ಪನ ದನಿ ಕಿವ್ಯಾಗಿತ್ತು. ಒಬ್ಬನ ಹೋಗಲಿಲ್ಲ. ಅಪ್ಪ ಹೋದಾಗ ನಾ ಬಾಜೂಕ ಇರಲಿಲ್ಲ. ಅವಗರ ಅಪ್ಪ ಸಿಕ್ಕ.”

ಅವನು ಅದನ್ನು ಅವಳ ಸಮಾಧಾನಕ್ಕೂ ಸೇರಿಸಿ ಹೇಳಿದ್ದ. ದಾನಮ್ಮ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು. ಯಂತ್ರದ ದಾಖಲೆಯಲ್ಲಿ ಕಂಡದ್ದನ್ನು, ಮೂರು ಸಲ ಎದ್ದರು, ಮೂರು ಸಲ ಕೂರಿಸಿದೆವು ಎಂದು, ಹೇಳಬೇಕಿತ್ತು. ಅವನ ಮುಖ ನೋಡಿದಳು. ಎಷ್ಟೋ ದಿನದ ಮೇಲೆ ತಿಳಿಯಾಗಿದ್ದ ಮುಖ. “ಹೌದ್ರಿ,” ಎಂದಳು.

ಊಟವಾದ ಮೇಲೆ ಅವನು ಗೋಡೆಯ ಪೆಟ್ಟಿಗೆ ಒತ್ತಿದ. ಗುರುಶಾಂತಯ್ಯ ಹಾಡತೊಡಗಿದರು. ಮಲ್ಲಯ್ಯ ಕೈ ಮುಗಿದು ಕೇಳುತ್ತ ಕುಳಿತ. ದಾನಮ್ಮ ಪಾತ್ರೆ ತೊಳೆಯುವ ನೆಪದಲ್ಲಿ ಎದ್ದು ಹೋದಳು.

* * *

ಮರುದಿನ ಬೆಳಗ್ಗೆ ಸಭೆಯ ಕಾರ್ಯದರ್ಶಿ ಸುಧನ್ವ ಕರೆಸಿದರು. ಮೈಸೂರಿನ ಕಡೆಯಿಂದ ಬಂದವರು. ಮಾತಿನಲ್ಲಿ ಎಂದೂ ದನಿ ಏರಿಸಿದವರಲ್ಲ.

“ಬನ್ನಿ ದಾನಮ್ಮನವರೇ, ಕೂತ್ಕೊಳ್ಳಿ. ಮೇಲಿನಹಟ್ಟಿಯವರು ಹಿಮ ಕಡಿಯೋದು ನಿಲ್ಲಿಸಿದ್ದಾರೆ. ಪಾಳ್ಯ ಬಿಟ್ಟು ಪಕ್ಕದ ಚಂದ್ರನಿಗೆ ಹೋಗ್ತೀವಿ ಅಂತ ಹಡಗಿಗೆ ಸಾಮಾನು ತುಂಬ್ತಿದ್ದಾರೆ.”

“ಹೋಗ್ಲಿ ಬಿಡ್ರಿ ಸರ. ಅಲ್ಲಿ ಹ್ಯಾಂಗ ಇರ್ತಾರ್ರಿ ಅವರು?”

“ಹೋಗ್ಲಿ ಅನ್ನೋದು ಸುಲಭ. ಸಾರಜನಕ ನಿಂತ್ರೆ ನಿಮ್ಮ ಯಜಮಾನ್ರ ತೋಟ ಎಷ್ಟು ದಿನ ಇರುತ್ತೆ ಅವರನ್ನೇ ಕೇಳಿ. ನನ್ನ ಮೊಮ್ಮಗಳಿಗೆ ಈಗ ಹಲ್ಲು ಬರ್ತಿದೆ. ಅವಳಿಗೆ ಏನು ತಿನ್ನಿಸ್ಲಿ?” ಅವರ ಕಣ್ಣಲ್ಲಿ ನಿದ್ದೆಯಿರಲಿಲ್ಲ. “ಇವರು ಹೋದ್ರೆ ನಾಳೆ ಇನ್ನೊಂದು ಪಾಳ್ಯ. ಆಮೇಲೆ ಇನ್ನೊಂದು. ಹೊಲಿಗೆ ಒಂದು ಕಡೆ ಬಿಟ್ರೆ ಸಾಕು.”

“ಕವಾಟ ಗಟ್ಟಿ ಮಾಡ್ಯಾರೇನ್ರಿ?”

“ಮಾಡಿದ್ದಾರೆ ಅಂತ ಸುದ್ದಿ ಇದೆ.”

“ಸುದ್ದಿ ಅಂದ್ರ ಯಾವಾಗಿಂದ್ರಿ?”

ಸುಧನ್ವ ಕನ್ನಡಕ ತೆಗೆದು ಒರೆಸಿದರು. “ನೋಡಿ, ನಾನು ಸೈನ್ಯ ಕಳಿಸೋನಲ್ಲ. ಕಳಿಸೋಕೆ ನಮ್ಮ ಹತ್ರ ಸೈನ್ಯಾನೂ ಇಲ್ಲ. ಹಿಡಿದದ್ದು ಕತ್ತಿಯಲ್ಲ, ಕಿವಿ. ಈ ಮಾತು ನಿಮ್ಮದೇ ಅಲ್ವ?”

“ನಂದರೀ.”

“ಹಾಗಾದ್ರೆ ನಾಳೆ ಅಯ್ಯನವರ ದನೀಲಿ ಒಂದು ಅಪ್ಪಣೆ ಹೋಗ್ಲಿ. ಪಾಳ್ಯ ಬಿಡಬೇಡಿ, ಪೂರ್ವದ ಓಣಿ ಭದ್ರವಾಗಿದೆ, ಕೆಲಸಕ್ಕೆ ಇಳೀರಿ. ಮಾತು ನೀವೇ ಹೆಣೀರಿ. ಅವರ ಮನಸ್ಸು ನಿಮಗೆ ಗೊತ್ತು.”

ಗೊತ್ತಿತ್ತು. ಅದಕ್ಕೇ ಅವಳಿಗೆ ಆ ಕುರ್ಚಿಯಿಂದ ಏಳುವುದು ಕಷ್ಟವಾಯಿತು.

* * *

ಮಾತು ಹೆಣೆಯುವುದೆಂದರೆ ಮಾವನ ಹಳೆಯ ಧ್ವನಿಮುದ್ರಣ ಕೇಳಿ, ಅವರು ಬಳಸುತ್ತಿದ್ದ ಮಾತಿನ ಜಾಡು ಹಿಡಿಯುವುದು. ದಾನಮ್ಮ ತನ್ನ ಕೆಲಸದ ಕೋಣೆಗೆ ಹೋಗಿ ಕುಳಿತಳು. ಎಂದಿನಂತೆ ಸೋಸಿದ ದನಿಯನ್ನು ತೆಗೆಯಲು ಹೋದವಳು, ಯಾಕೋ ಏನೋ, ಸೋಸದೆ ಇಟ್ಟಿದ್ದ ಮೂಲವನ್ನೇ ಹಚ್ಚಿದಳು.

ಮೊದಲು ಕೆಮ್ಮು. ಕೂಸಿನ ಅಳು. ಯಾರೋ ಚಾಪೆ ಎಳೆದ ಸದ್ದು. ಆಮೇಲೆ ಗುರುಶಾಂತಯ್ಯ ಒಂದು ಪದ್ಯ ಹಾಡಿದರು. ಕಾಡಿನ ದಾರಿಯಲ್ಲಿ ಪರಿವಾರ ಹೊರಡಲಿ ಎಂದು ಅರಸನೊಬ್ಬ ಅಪ್ಪಣೆ ಕೊಡುವ ಪದ್ಯ. ಹಾಡಿ ನಿಲ್ಲಿಸಿದರು. ಅಲ್ಲಿಂದ ಮುಂದಕ್ಕೆ ಇನ್ನೊಂದು ದನಿ ಬಂತು, ಒರಟು, ಸ್ವಲ್ಪ ಮೂಗಿನದು. ಪದ್ಯಕ್ಕೆ ಅರ್ಥ ಹೇಳುತ್ತಿದ್ದ ಬಸಲಿಂಗಪ್ಪ ಮಾಸ್ತರರದು.

“ಅರಸ ಹೊರಡ್ರಿ ಅಂದ. ಅಂದನೋ ಇಲ್ಲೋ? ಅಂದ. ಆದ್ರ ಅರಸ ಕುಂತದ್ದೆಲ್ಲಿ? ಅರಮನ್ಯಾಗ. ದಾರ್ಯಾಗಿನ ಮುಳ್ಳು ಅವನ ಕಾಲಿಗೆ ಚುಚ್ಚೂದಿಲ್ಲ ನೋಡ್ರಿ.”

ಜನ ನಕ್ಕರು. ಒಬ್ಬ ಹೆಂಗಸು ಹಿಂದಿನಿಂದ, “ಮತ್ತ ಹೋದ್ರೇನ್ರಿ ಮಾಸ್ತರ?” ಎಂದಳು.

“ಹೋದ್ರವ್ವ. ಆದ್ರ ದಾರಿ ಬಲ್ಲ ಬೇಡರ ಮುದುಕನ್ನ ಕೇಳಿ ಹೋದ್ರು. ನೀ ಆಗಿದ್ರ?”

“ನಾ ಹೋಗ್ತಿದ್ದಿಲ್ಲ.”

ಮತ್ತೆ ನಗು. ಆ ನಗು ಅಡಗುವ ತನಕ ಗುರುಶಾಂತಯ್ಯ ಕಾಯುತ್ತಿದ್ದರು. ಅವಳ ಮಾತು ಮುಗಿಯುವ ತನಕ, ಎಲ್ಲರಿಗೂ ಅರ್ಥ ಇಳಿಯುವ ತನಕ ಮುಂದಿನ ಪದ್ಯಕ್ಕೆ ಬಾಯಿ ತೆರೆಯಲಿಲ್ಲ. ಉದ್ದನೆಯ ಮೌನ. ಆ ಮೌನದಲ್ಲಿ ಅವರ ಉಸಿರು ಕೇಳಿಸುತ್ತಿತ್ತು.

ದಾನಮ್ಮ ಯಂತ್ರ ನಿಲ್ಲಿಸಿದಳು.

ಪುರಾಣವೆಂದರೆ ಎರಡು ಬಾಯಿ. ಹಾಡುವವರು ಒಬ್ಬರು, ಅರ್ಥ ಹೇಳುವವರು ಇನ್ನೊಬ್ಬರು. ಅವಳು ಹುಟ್ಟಿದ ಊರಿನ ಮಠದಲ್ಲೂ ಹಾಗೆಯೇ ಇತ್ತು. ಅವ್ವನ ಮಗ್ಗುಲಲ್ಲಿ ಕಂಬಕ್ಕೆ ಒರಗಿ ಕುಳಿತು ಅವಳು ಕೇಳಿ ಬೆಳೆದದ್ದು ಇದನ್ನೇ. ಹಾಡಿನಲ್ಲಿ ಕಣ್ಣು ಮುಚ್ಚುತ್ತಿತ್ತು, ಅರ್ಥ ಬಂದಾಗ ತೆರೆಯುತ್ತಿತ್ತು. ಅರ್ಥ ಹೇಳುವವರನ್ನು ಯಾರು ಬೇಕಾದರೂ ತಡೆದು ಕೇಳಬಹುದಿತ್ತು. ಮರುದಿನ ಅವರು ಅದೇ ಓಣಿಯಲ್ಲಿ ನಡೆಯಬೇಕು, ಅದೇ ಬಾವಿಯ ನೀರು ಕುಡಿಯಬೇಕು. ಸುಳ್ಳು ಹೇಳಿ ಎಲ್ಲಿಗೆ ಹೋದಾರು?

ಯಂತ್ರಕ್ಕೆ ಕಲಿಸುವ ಮೊದಲು ಧ್ವನಿಮುದ್ರಣ ಸೋಸಬೇಕಿತ್ತು. ಬೇಕಾದದ್ದು ಗುರುಶಾಂತಯ್ಯನವರ ದನಿ. ಕೆಮ್ಮು, ಕೂಸು, ಚಾಪೆ, ಹೆಂಗಸಿನ ಪ್ರಶ್ನೆ, ಬಸಲಿಂಗಪ್ಪ ಮಾಸ್ತರರು, ಎಲ್ಲವನ್ನೂ ಗದ್ದಲ ಎಂದು ಒಂದೇ ಕಡೆ ಗುಡ್ಡೆ ಹಾಕಿ ತೆಗೆದವಳು ಅವಳೇ.

ಕಲ್ಲಿನ ವಿಷಯದಲ್ಲೂ ಇದನ್ನೇ ಮಾಡಿದ್ದಳು. ಅವಳ ಊರ ಗುಡ್ಡದ ಮೇಲೆ ಅರಸ ಕೊರೆಸಿದ್ದು ಪ್ರಾಕೃತ. ಕೆಳಗೆ ದನ ಕಾಯುತ್ತಿದ್ದವನ ಮನೆಮಾತು ಅದಲ್ಲ. ಹಾಗಾದರೆ ಯಾರೋ ಒಬ್ಬ ಆ ಬಂಡೆಯ ಬಳಿ ನಿಂತು ಅವನಿಗೆ ಅವನ ಮಾತಿನಲ್ಲಿ ಹೇಳಿರಲೇಬೇಕು. ಇದರ ಅರ್ಥ ಇದಪ್ಪ, ಇಷ್ಟು ಮಾಡು, ಇಷ್ಟು ಬಿಡು, ಇದು ನಮ್ಮ ಊರಿಗೆ ಹೊಂದುವುದಿಲ್ಲ, ಮೇಲಿನವರು ಬಂದಾಗ ನಾನು ಹೇಳುತ್ತೇನೆ. ಅಧಿಕಾರಿಗಳು ಕೆಲವು ವರ್ಷಕ್ಕೊಮ್ಮೆ ಸುತ್ತು ಬರಬೇಕೆಂದು ಅರಸನೇ ವಿಧಿಸಿದ್ದ. ಬಂದವರ ಮುಂದೆ ಬಾಯಿ ಬಿಡಲು ಊರಿಗೆ ಅಂಥವನೊಬ್ಬ ಬೇಕು. ಸಾಮ್ರಾಜ್ಯ ನಿಂತದ್ದು ಅವನ ಹೆಗಲ ಮೇಲೆ ಇರಬಹುದು. ಅವನು ಕಲ್ಲಿನಲ್ಲಿ ಉಳಿಯಲಿಲ್ಲ. ಆಡಿದ ಮಾತು ಗಾಳಿಗೆ ಹೋಯಿತು. ಉಳಿದದ್ದು ಅರಸನ ಮಾತು ಮಾತ್ರ. ಉಳಿದದ್ದನ್ನೇ ಓದಿ, ಇಷ್ಟೇ ಇತ್ತು ಎಂದು ಅವಳು ಸಭೆಗೆ ಹೇಳಿದಳು. ಪುರಾವೆ ಇಲ್ಲದ್ದನ್ನು ಹೇಳಬಾರದು ಎಂಬುದು ಅವಳ ವಿದ್ಯೆಯ ನಿಯಮ. ಪುರಾವೆ ಅವಳ ಬಾಲ್ಯದಲ್ಲೇ ಇತ್ತು, ಕಂಬಕ್ಕೆ ಒರಗಿದ ಬೆನ್ನಿನಲ್ಲೇ ಇತ್ತು.

“ತಪ್ಪಾತು, ತಂದೆ,” ಎಂದಳು ಮೆಲ್ಲಗೆ. ದೇವರಿಗೆ ಅಂದಳೋ ಮಾವನಿಗೆ ಅಂದಳೋ ಅವಳಿಗೇ ತಿಳಿಯಲಿಲ್ಲ.

ಎದ್ದು ಸುಧನ್ವರ ಬಳಿಗೆ ಹೋದಳು. ಅಪ್ಪಣೆಯ ಜೊತೆಗೆ ಅರ್ಥ ಹೇಳಲು ಬಿಡಿ, ಪಾಳ್ಯದವರು ಕೇಳಿದ್ದಕ್ಕೆ ಉತ್ತರಿಸಲು ಬಿಡಿ ಎಂದು ಕೇಳಿಕೊಂಡಳು.

“ಒಂದು ಪ್ರಶ್ನೆಗೆ ಮೂರು ತಾಸು,” ಎಂದರು ಅವರು. “ಅಷ್ಟರಲ್ಲಿ ಹಡಗು ಹೊರಟುಹೋಗುತ್ತೆ. ಬೇಡ. ನೀವು ದಣಿದಿದ್ದೀರಿ, ನಾಳೆ ಒಂದು ಮುಗಿಸಿ ರಜೆ ತಗೊಳ್ಳಿ.”

ಹೆಣೆಯುವ ಕೆಲಸ ಬಾಕಿಯಿತ್ತು. ಅವಳು ಹೆಣೆದಳು. ಚೆನ್ನಾಗಿಯೇ ಹೆಣೆದಳು. ಓದಿದರೆ ಅವಳ ಕಣ್ಣೇ ತೇವವಾಗುವ ಹಾಗಿತ್ತು.

* * *

ನಿಯಂತ್ರಣ ಕೋಣೆಯಲ್ಲಿ ಒಂದು ಪದ್ಧತಿಯಿತ್ತು. ಡಂಗುರ ಹೊರಡುವ ಮುಂಚೆ ಮಾತು ಹೆಣೆದವರು ತಮ್ಮದೇ ದನಿಯಲ್ಲಿ ಪಾಳ್ಯದ ಹೆಸರು ಹೇಳಿ ಕರೆಯಬೇಕು. ಆ ಕಡೆಯ ಯಂತ್ರ ಅದನ್ನು ಹಿಡಿದು ಸಜ್ಜಾಗುತ್ತದೆ. ಎರಡು ಮಾತಿನ ಕೆಲಸ. ದಾನಮ್ಮ ಕುರ್ಚಿಯ ಮೇಲೆ ಕುಳಿತು ಮೈಕಿನ ಹತ್ತಿರ ಬಾಗಿದಳು. ಸುಧನ್ವ ಹಿಂದೆ ನಿಂತಿದ್ದರು.

“ಮೇಲಿನಹಟ್ಟಿ,” ಎಂದಳು. “ಮೇಲಿನಹಟ್ಟಿ, ನಡುನೆಲಿ ಮಾತಾಡ್ತೈತಿ.”

ಮುಂದಿನ ಗುಂಡಿ ಒತ್ತಿದರೆ ಗುರುಶಾಂತಯ್ಯ ಶುರುವಾಗುತ್ತಿದ್ದರು. ಅವಳು ಒತ್ತಲಿಲ್ಲ.

“ನಾನು ದಾನಮ್ಮ, ಮಲ್ಲಯ್ಯನ ಹೇಣ್ತಿ. ಈಗ ಅಯ್ಯನ ದನ್ಯಾಗ ಒಂದು ಅಪ್ಪಣಿ ಬರೂದಿತ್ತು. ಪಾಳ್ಯ ಬಿಡಬ್ಯಾಡ್ರಿ, ಪೂರ್ವದ ಓಣಿ ಗಟ್ಟಿ ಐತಿ, ಕೆಲಸಕ್ಕ ಇಳೀರಿ ಅಂತ. ಅದರ ಅರ್ಥ ಹೇಳ್ತೀನಿ, ಕೇಳ್ರಿ. ಇಲ್ಲೆ ಮಕ್ಕಳು ಮರಿ ಅದಾವು, ನಿಮ್ಮ ಹಿಮ ಬರದಿದ್ರ ಉಪಾಸ ಬೀಳ್ತಾವು. ಅದು ಖರೆ. ಓಣಿ ಗಟ್ಟಿ ಐತೋ ಇಲ್ಲೋ ಇಲ್ಲಿ ಯಾರಿಗೂ ಗೊತ್ತಿಲ್ಲ. ಅವತ್ತೂ ಗೊತ್ತಿರಲಿಲ್ಲ. ಅವತ್ತ ಮೂರು ಸಲ ಎದ್ದ ನಿಮ್ಮನ್ನ ಮೂರು ಸಲ ಕೂಡಿಸಿದ್ದು ಅಯ್ಯ ಅಲ್ಲ. ನೀವು ಅಂಜಿ ಎದ್ದಾಗೊಮ್ಮೆ ದನಿ ಮೆತ್ತಗ ಆಗೂಹಂಗ ಯಂತ್ರಕ್ಕ ಕಲಿಸಿದಾಕಿ ನಾನು. ನಿಮ್ಮ ಮೂಗ ಹೇಳಿದ್ದು ಸರಿ ಇತ್ತು. ಕೇಳೂದಿದ್ರ ಕೇಳ್ರಿ. ನಾ ಇಲ್ಲೇ ಕುಂತಿರ್ತೀನಿ.”

ಸುಧನ್ವ ತಂತಿ ಕಿತ್ತದ್ದು ಆಮೇಲೆ. ಹೊರಟ ಮಾತನ್ನು ಹಿಂದಕ್ಕೆ ಕರೆಯುವ ಉಪಾಯ ಯಾವ ಸಾಮ್ರಾಜ್ಯದಲ್ಲೂ ಇರಲಿಲ್ಲ, ಇಲ್ಲೂ ಇರಲಿಲ್ಲ. ಅವರು ಸ್ವಲ್ಪ ಹೊತ್ತು ಆ ತಂತಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತರು.

“ನಿಮ್ಮನ್ನ ಇಲ್ಲಿಂದ ಎಬ್ಬಿಸಬೇಕು ನಾನು,” ಎಂದರು.

“ಎಬ್ಬಿಸ್ರಿ ಸರ. ಉತ್ತರ ಬಂದಮ್ಯಾಲ ಎಬ್ಬಿಸ್ರಿ.”

“ಏನು ಸಾಧಿಸಿದ ಹಾಗಾಯ್ತು? ನಿಮ್ಮ ಮನಸ್ಸು ಹಗುರ ಆಯ್ತು, ಅಷ್ಟೇ ತಾನೆ?”

ಆ ಮಾತು ಚುಚ್ಚಿತು. ಹಗುರವಾಗಿರಲಿಲ್ಲ. ಆದರೆ ಹಗುರವಾಗಲಿ ಎಂಬ ಆಸೆ ಒಳಗೆ ಎಲ್ಲೋ ಇತ್ತೆಂಬುದು ಅವಳಿಗೆ ಆಗ ತಿಳಿಯಿತು. ಸುಧನ್ವ ತಂತಿಯನ್ನು ಮತ್ತೆ ಸಿಕ್ಕಿಸಿದರು. ಬರುವ ಉತ್ತರ ಅವರಿಗೂ ಬೇಕಿತ್ತು. ಮೂಲೆಯಲ್ಲಿ ಒಂದು ಕುರ್ಚಿ ಎಳೆದುಕೊಂಡು ಕುಳಿತರು.

ಸುದ್ದಿ ಹೇಗೋ ತೋಟಕ್ಕೆ ಮುಟ್ಟಿತು. ಕಾಯುವ ಹೊತ್ತು ಅರ್ಧ ಕಳೆದಿರುವಾಗ ಮಲ್ಲಯ್ಯ ಬಂದ. ಕೈಯಲ್ಲಿ ಇನ್ನೂ ಮಣ್ಣಿತ್ತು. ಬಾಗಿಲಲ್ಲೇ ನಿಂತು ಕೇಳಿದ.

“ಮೂರು ಸಲ ಎದ್ದಿದ್ರೇನು?”

“ಹೌದ್ರಿ.”

“ಅಪ್ಪನ ದನಿ ಕೂಡಿಸ್ತು.”

“ಹೌದು.”

“ಅವತ್ತ ರೊಟ್ಟಿ ಮಾಡೂ ಮುಂದ, ಕಾಶಯ್ಯಗ ಅಪ್ಪ ಸಿಕ್ಕ ಅಂತ ನಾ ಅಂದೆ. ಆವಾಗ ನಿನಗ ಗೊತ್ತಿತ್ತು.”

“ಗೊತ್ತಿತ್ರಿ.”

“ಮತ್ಯಾಕ ಹೂಂ ಅಂದಿ?”

“ನಿಮ್ಮ ಮಾರಿ ಅಷ್ಟು ದಿನದ ಮ್ಯಾಲ ಸಮಾಧಾನ ಆಗಿತ್ತು. ಕೆಡಿಸಾಕ ಮನಸ್ಸಾಗಲಿಲ್ಲ.”

ಮಲ್ಲಯ್ಯ ಅಂಗೈಯ ಮಣ್ಣನ್ನು ಉದುರಿಸಿದ. “ನಿನ್ನ ಯಂತ್ರನೂ ಅದನ್ನ ಮಾಡಿದ್ದಲ್ಲೇನು,” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳು ತಾಳಿಕೊಳ್ಳುತ್ತಿದ್ದಳು. ಅವನು ಹೋಗಲೂ ಇಲ್ಲ, ಒಳಗೆ ಬಂದು ಕೂರಲೂ ಇಲ್ಲ. ಬಾಗಿಲಿಗೆ ಆತು ನಿಂತ.

ಉತ್ತರ ಬಂತು. ಮೊದಲು ಜನರ ಗಲಾಟೆ, ಸಾಮಾನು ಎಳೆಯುವ ಸದ್ದು. ಆಮೇಲೆ ಶರಣವ್ವ.

“ವೈನಿ, ನಾನ್ರಿ. ನಿಮ್ಮ ಮಾತು ಎಲ್ಲಾರೂ ಕೇಳಿದ್ವಿ. ಮಂದಿ ನಿಮ್ಮನ್ನ ಬಾಯಿಗೆ ಬಂದಂಗ ಬೈಯಾಕತ್ತೈತಿ, ಅದನ್ನೇನ ಕಳಿಸೂದಿಲ್ಲ ನಾನು. ನಾವು ಹೊಂಟೀವಿ. ಅಪ್ಪನ ದನಿ ಬರೂ ಪೆಟಗಿ ಬಂದ್ ಮಾಡೀವಿ. ಕಡದಿಟ್ಟಿದ್ದ ಹಿಮ ಅಷ್ಟೂ ನಿಮ್ಮ ಕಡಿ ಹಡಗಿಗೆ ಹಾಕೀವಿ, ಕೂಸುಗೋಳ್ದು ಏನು ತಪ್ಪು. ಹೊಸಾ ಜಾಗಾದಾಗ ಕಡಿಯೂದು ಬಿಡೂದು ಆಮ್ಯಾಲ ಮಾತಾಡೂಣು. ಆದ್ರ ಮಾತಾಡೂದಂದ್ರ ಮಾತಾಡೂದು. ಅಪ್ಪಣಿ ಅಲ್ಲ.”

ಮೂಲೆಯಲ್ಲಿ ಸುಧನ್ವ ಹಣೆಯ ಮೇಲೆ ಕೈಯಿಟ್ಟುಕೊಂಡು ಉಸಿರು ಬಿಟ್ಟರು.

ಶರಣವ್ವ ಎಲ್ಲೋ ಬಾಗಿಲು ಹಾಕಿಕೊಂಡಳು. ಗಲಾಟೆ ನಿಂತಿತು. ಅವಳ ದನಿ ಹತ್ತಿರವಾಯಿತು.

“ಈಗ ನಂದೊಂದು ಪ್ರಶ್ನೆ. ಅವತ್ತ ವಾಸನಿ ಬಂತಂತ ಮೊದಲ ಎದ್ದವರು ನಮ್ಮನಿಯವರು. ಬಾಗಿಲಿಗೆ ಕೈ ಹಾಕಿದ್ರು. ನಾ ಅವರ ಅಂಗಿ ಹಿಡದು ಜಗ್ಗಿದೆ, ವೈನಿ. ಅಪ್ಪ ಕೂಡ್ರು ಅನ್ನಾಕತ್ಯಾನ, ಕೂಡ್ರಿ ಸುಮ್ಮನ ಅಂದೆ. ಅವರು ನನ್ನ ಮಾರಿ ನೋಡಿದ್ರು. ಕುಂತ್ರು. ನಾ ಬಾಗಿಲ ಸಂದಿಗೆ ಇದ್ದೆ, ಆಚೀ ಓಣಿಯ ಚೊಲೋ ಗಾಳಿ ಸಿಕ್ತು, ಉಳದೆ. ಇದನ್ನ ಯಾರ ಮುಂದೂ ಹೇಳಿಲ್ಲ, ಅಣ್ಣನ ಮುಂದನೂ ಹೇಳಿಲ್ಲ, ಅದಕ್ಕ ಮಾತಾಡಿಲ್ಲ. ಅರ್ಥ ಹೇಳ್ತೀನಿ ಅಂದ್ರಲ್ಲ, ಹೇಳ್ರಿ. ಅವರನ್ನ ಕೂಡಿಸಿದವರು ಯಾರು? ಹಡಗು ನಾಕು ತಾಸಿಗೆ ಬಿಡ್ತೈತಿ. ಅಷ್ಟರೊಳಗ ಹೇಳ್ರಿ. ಬಿಟ್ಟಮ್ಯಾಲ ನಾ ಈ ಮಾತ ಎತ್ತೂದಿಲ್ಲ.”

ಅಲ್ಲಿಗೆ ನಿಂತಿತು.

ಬಾಗಿಲಲ್ಲಿ ಮಲ್ಲಯ್ಯ ನೆಲದ ಮೇಲೆ ಕುಳಿತ. ದಾನಮ್ಮ ಅತ್ತ ನೋಡಲಿಲ್ಲ. ಇಷ್ಟು ದಿನ ಯಾರಾದರೂ ತನ್ನನ್ನು ಬೈಯಲಿ ಎಂದು ಕಾದಿದ್ದಳು. ಬಂದದ್ದು ಬೈಗುಳವಲ್ಲ. ತನ್ನ ಎದೆಯಲ್ಲಿ ಇದ್ದ ಕಲ್ಲಿನಂಥದ್ದೇ ಇನ್ನೊಂದು ಕಲ್ಲನ್ನು ಯಂತ್ರ ಅಷ್ಟು ದೂರದಲ್ಲಿ ಇನ್ನೊಬ್ಬಳ ಎದೆಯ ಮೇಲೆ ಇಟ್ಟು ಬಂದಿತ್ತು.

‘ನೀನಲ್ಲ ತಂಗಿ, ಎಲ್ಲ ನನ್ನದೇ’ ಎನ್ನುವುದು ನಾಲಿಗೆಯ ತುದಿಗೆ ಬಂತು. ಎಷ್ಟು ಸುಲಭವಿತ್ತು. ದನಿ ಎಲ್ಲಿ ಇಳಿಸಬೇಕು, ಎಲ್ಲಿ ಎಳೆಯಬೇಕು, ಎಂಥ ಮಾತಿಗೆ ಶರಣವ್ವನ ಎದೆಬಡಿತ ತಣ್ಣಗಾಗುತ್ತದೆ, ಎಲ್ಲ ಅವಳಿಗೆ ಗೊತ್ತಿತ್ತು. ಯಂತ್ರಕ್ಕೆ ಕಲಿಸಿದವಳಲ್ಲವೇ. ಶರಣವ್ವ ನಂಬಿಯೂ ಬಿಡುತ್ತಿದ್ದಳು. ನಂಬಿ ಮತ್ತೆ ಕುಳಿತುಬಿಡುತ್ತಿದ್ದಳು.

ದಾನಮ್ಮ ಮೈಕ್ ಎಳೆದುಕೊಂಡಳು. ಸುಧನ್ವ ತಡೆಯಲಿಲ್ಲ.

“ಶರಣೀ,” ಎಂದಳು. ದನಿ ಒಡೆದಿತ್ತು. ಅದನ್ನು ಸರಿಮಾಡಿಕೊಳ್ಳಲು ಹೋಗಲಿಲ್ಲ. “ಅಂಗಿ ಜಗ್ಗಿದ ಕೈ ನಿಂದು. ಅಲ್ಲ ಅಂತ ಸುಳ್ಳ ಹೇಳೂದಿಲ್ಲ. ಆ ಕೈಯಾಗ ಬಲ ತುಂಬಿದಾಕಿ ನಾನು. ನಾ ತುಂಬಲಿಲ್ಲಂದ್ರ ನೀ ಜಗ್ಗತಿದ್ದಿಲ್ಲ. ಎರಡೂ ಖರೆ. ಒಂದು ಹೇಳಿ ಇನ್ನೊಂದು ಮುಚ್ಚಿದ್ರ ಅದು ಅರ್ಥ ಅಲ್ಲ. ನಿಮ್ಮಪ್ಪ ಮಾತ್ರ ಕೂಡ್ರು ಅಂದಿಲ್ಲ. ಅಂವ ಯಾವತ್ತೂ ಮಂದಿ ಮಾತ ಮುಗಿಯೂ ತನಕ ಕಾದಾಂವ. ಅವನ ಮ್ಯಾಲ ಹಾಕಬ್ಯಾಡ. ಇನ್ನೂ ಕೇಳೂದಿದ್ರ ಕೇಳು. ಹೊಸಾ ಜಾಗಕ್ಕ ಹೋಗಿನೂ ಕೇಳು. ನನಗ ಇಲ್ಲಿ ಕೆಲಸ ಇರೂದಿಲ್ಲ, ಮನ್ಯಾಗ ಇರ್ತೀನಿ.”

ಕೈ ತೆಗೆದಳು. ಮೈಕಿನ ದೀಪ ಆರಿತು. ಮಾತು ಹೊರಟಿತು.

ಇನ್ನು ಒಂದೂವರೆ ತಾಸು ಶನಿಯ ಆ ಪುಟ್ಟ ಚಂದ್ರನ ಮೇಲೆ ಒಬ್ಬಾಕೆ ಏನೂ ತಿಳಿಯದೆ ಹಡಗಿನ ಬಾಗಿಲಲ್ಲಿ ನಿಂತಿರುತ್ತಾಳೆ. ಆಮೇಲೆ, ತಿಳಿದು ನಿಂತಿರುತ್ತಾಳೆ.